ಸಾಲಿಗ್ರಾಮಕ್ಕೆ ಕಾರ್ಬನ್ ಟೆಸ್ಟ್ ಬೇಡ

ನನ್ನ ಕೆಲಸ ಬಾವಿ, ಬೋರ್‌ವೆಲ್‌ಗೆ ಜಾಗ ನೋಡುವುದು. ಆದರೆ ಭೂವಿಜ್ಞಾನ ಓದಿದವನು ಅಂತ ಉಡುಪಿಯ ಎಲ್ಲ ಕಲ್ಲೂ ನನ್ನ ಮೇಜಿಗೇ ಬರುತ್ತದೆ. ಮುಕ್ತಿನಾಥ ಯಾತ್ರೆ ಮುಗಿಸಿದವರು, ಅಜ್ಜನ ದೇವರ ಪೆಟ್ಟಿಗೆ ತೆರೆದವರು ಸಾಲಿಗ್ರಾಮ ಹಿಡಿದು ಬರುತ್ತಾರೆ. "ಇದು ಎಷ್ಟು ವರ್ಷ ಹಳೆಯದು ಅಂತ ಒಂದು ಕಾರ್ಬನ್ ಟೆಸ್ಟ್ ಮಾಡಿಸಿ ಕೊಡಿ ಮಾರಾಯ್ರೆ!"

ಆಗುವುದಿಲ್ಲ. ಯಾವ ಲ್ಯಾಬಿಗೆ ಕಳಿಸಿದರೂ ಆಗುವುದಿಲ್ಲ.

ಬತ್ತಿ ಅರ್ಧ ಉರಿದಿದ್ದರೆ, ಊದುಬತ್ತಿ ಹಚ್ಚಿ ಎಷ್ಟು ಹೊತ್ತಾಯಿತು ಅಂತ ಹೇಳಬಹುದು. ಪೂರ್ತಿ ಉರಿದು ಬೂದಿಯಾದ ಮೇಲೆ? ನಿನ್ನೆಯದೋ ಹೋದ ವರ್ಷದ್ದೋ ಹೇಳಲು ಬರುವುದಿಲ್ಲ ಅಲ್ವಾ? ಜೀವಿಗಳ ಮೈಯಲ್ಲಿರುವ ಕಾರ್ಬನ್ 14 ಎಂಬ ಇಂಗಾಲವೂ ಹಾಗೆ. ಜೀವ ಹೋದ ಮೇಲೆ 5,730 ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತದೆ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಸಾಲಿಗ್ರಾಮದ್ದು ಕೋಟಿಗಳ ಲೆಕ್ಕ. 14.5 ಕೋಟಿ ವರ್ಷ ಅಂದರೆ 25 ಸಾವಿರಕ್ಕೂ ಜಾಸ್ತಿ ಸಲ ಅರ್ಧವಾಗಬೇಕು. ಬೂದಿಯೂ ಇಲ್ಲ.

ವಯಸ್ಸು ಹೇಳುವುದು ಒಳಗಿನ ಚಕ್ರ. ಅದು ಅಮೋನೈಟ್ ಎಂಬ ಕಡಲ ಜೀವಿಯ ಸುರುಳಿ ಚಿಪ್ಪಿನ ಗುರುತು. ಮಲ್ಪೆಯಲ್ಲಿ ಸಿಗುವ ಬೊಂಡಾಸಿನ (ಸ್ಕ್ವಿಡ್) ದೂರದ ನೆಂಟ. ಅಮೋನೈಟ್‌ನ ಒಂದೊಂದು ಜಾತಿ ಭೂಮಿಯ ಲೆಕ್ಕದಲ್ಲಿ ಸ್ವಲ್ಪ ಕಾಲ ಮಾತ್ರ ಬಾಳಿ ಅಳಿಯಿತು. ಹಾಗಾಗಿ ಚಿಪ್ಪಿನ ಏಣು, ಕವಲು ನೋಡಿ ಅದು ಭೂಮಿಯ ಇತಿಹಾಸದ ಯಾವ ಹಂತದ್ದು ಅಂತ ಹೇಳುತ್ತೇವೆ. ವರ್ಷದ ಅಂಕಿ ಸಿಗುವುದು ಬೇರೆ ಕಡೆಯಿಂದ. ಅದೇ ಕಾಲದ ಪದರಗಳ ನಡುವೆ ಎಲ್ಲಾದರೂ ಜ್ವಾಲಾಮುಖಿಯ ಬೂದಿ ಸಿಕ್ಕಿದರೆ, ಅದರ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆಯುತ್ತಾರೆ.

ನೇಪಾಳದ ಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ನಾನು ಜಾಸ್ತಿ ನೋಡಿದ್ದು ಟಿಥೋನಿಯನ್ ಹಂತದವು. ಡೈನೋಸಾರ್‌ಗಳಿದ್ದ ಜುರಾಸಿಕ್ ಕಾಲದ ಹನ್ನೊಂದು ಹಂತಗಳಲ್ಲಿ ಇದೇ ಕೊನೆಯದು. ಶುರುವಾದದ್ದು ಸುಮಾರು 14.9 ಕೋಟಿ ವರ್ಷದ ಹಿಂದೆ. ಮುಗಿದದ್ದು 14.5 ಕೋಟಿ ಅಂತ ನಾವು ಓದಿದ್ದೆವು, ಈಗಿನ ಪಟ್ಟಿಯಲ್ಲಿ 14.3 ಕೋಟಿ ಎಂದಿದೆ. ಉಳಿದ ಹತ್ತು ಹಂತಗಳಿಗೆ ಊರುಗಳಿಂದ ಹೆಸರು ಬಂತು. ಇದಕ್ಕೆ ಮಾತ್ರ 1865ರಲ್ಲಿ ಜರ್ಮನಿಯ ಭೂವಿಜ್ಞಾನಿ ಆಲ್ಬರ್ಟ್ ಓಪೆಲ್ ಗ್ರೀಕ್ ಕತೆಯ ಟಿಥೋನಸ್‌ನ ಹೆಸರಿಟ್ಟರು. ಅವನು ಗ್ರೀಕರ ಉಷೆಯ, ಅಂದರೆ ಬೆಳಗಿನ ದೇವತೆಯ ಗಂಡ. ಈ ಹಂತ ಮುಗಿದರೆ ಮುಂದಿನ ಕಾಲವಾದ ಕ್ರಿಟೇಶಿಯಸ್‌ನ ಬೆಳಗಾಗುತ್ತದೆ ಅಂತ.

ಹೋದ ಮಳೆಗಾಲ ಒಬ್ಬ ಅಮ್ಮ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮೊಮ್ಮಗ ತುಂಡು ಮಾಡಿ ಟೆಸ್ಟಿಗೆ ಕಳಿಸುವ ಅಂದಿದ್ದನಂತೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಎಂಬ ಕಡಲಿತ್ತು, ಅದರ ತಳದ ಕಪ್ಪು ಕೆಸರಿನಲ್ಲಿ ಇದು ಹೂತುಹೋಗಿತ್ತು ಅಂತ ಹೇಳಿದೆ. "ಹಾಗಾದ್ರೆ ಕಡಲಿನದ್ದು!" ಅಂತ ಅವರು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ನನಗೂ ಖುಷಿಯಾಯಿತು.

ಒಂದು ಎಚ್ಚರಿಕೆ. ಆ ಕಪ್ಪು ಕೆಸರು ಗಟ್ಟಿಯಾಗಿ ಆದ ಶೇಲ್ ಕಲ್ಲಿನ ಪದರ ಕ್ರಿಟೇಶಿಯಸ್‌ವರೆಗೂ ಹೋಗುತ್ತದೆ. ಚಕ್ರ ಸರಿಯಾಗಿ ಕಾಣದಿದ್ದರೆ ನಾನು ಹಂತದ ಹೆಸರು ಹೇಳುವುದಿಲ್ಲ. ಕೊರೆದು ಮಾಡಿದ ಕಲ್ಲೂ ಮಾರಾಟಕ್ಕೆ ಉಂಟು. ನಮ್ಮ ಬಾವಿಯ ಮುರಕಲ್ಲಿನಲ್ಲಂತೂ ಚಕ್ರ ಹುಡುಕಬೇಡಿ. ಅದರ ಅಡಿಯ ಬಂಡೆ ಜುರಾಸಿಕ್‌ಗಿಂತ ಎಷ್ಟೋ ಹಳೆಯದು, ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ಜುರಾಸಿಕ್‌ಗಿಂತ ಹೊಸದು, ಸುಮಾರು 8.8 ಕೋಟಿ ವರ್ಷದ್ದು.

ಪೂಜೆಯ ಕಲ್ಲನ್ನು ಒಡೆಯಬೇಡಿ, ಆಸಿಡ್ ಹಾಕಬೇಡಿ. ಹಗಲು ಬೆಳಕಲ್ಲಿ, ಪಕ್ಕಕ್ಕೊಂದು ಸ್ಕೇಲ್ ಇಟ್ಟು, ಸುರುಳಿಯ ಗೆರೆ ಕಾಣುವ ಹಾಗೆ ನಾಲ್ಕು ಫೋಟೊ ತನ್ನಿ. ಕಲ್ಲು ಎಲ್ಲಿಂದ ಬಂತು ಅಂತಲೂ ಒಂದು ಚೀಟಿಯಲ್ಲಿ ಬರೆದು ತನ್ನಿ.