ವಜ್ರದ ವೀಲಿನಲ್ಲಿ ಮೊದಲು ಸವೆಯಬೇಕಾದದ್ದು ಬಾಂಡ್

ಬೆಳಗಾವಿಯ ಉದ್ಯಮಬಾಗದ ಟೂಲ್ ರೂಮ್ ಒಂದರವರು ವಜ್ರದ ಸಾಣೆ ವೀಲು ಮಾಡುವ ನಮ್ಮಲ್ಲಿ ಕೊಂಡಿದ್ದ 150 ಮಿ.ಮೀ. ವ್ಯಾಸದ ರೆಸಿನ್ ಬಾಂಡ್ ವೀಲನ್ನು, ಅಂದರೆ ವಜ್ರದ ಹರಳುಗಳನ್ನು ರಾಳದ ಬಂಧಕದಲ್ಲಿ ಹಿಡಿದಿಟ್ಟ ಚಕ್ರವನ್ನು, ವಾಪಸು ತಂದು ಮೇಜಿನ ಮೇಲಿಟ್ಟು, "ಇದರಾಗ ವಜ್ರಾನ ಹಾಕಿಲ್ಲೇನ್ರಿ?" ಎಂದು ಕೇಳಿದರು. ವೀಲಿನ ಮುಖ ಗಾಜಿನಂತೆ ಹೊಳೆಯುತ್ತಿತ್ತು. ವೀಲಿನ ಮುಖ ಕೆರೆಯುವ ಬಿಳಿಯ ಅಲ್ಯೂಮಿನಿಯಂ ಆಕ್ಸೈಡ್ ಡ್ರೆಸಿಂಗ್ ಸ್ಟಿಕ್ಕನ್ನು ನೀರಿನಲ್ಲಿ ನೆನೆಸಿ, ತಿರುಗುತ್ತಿದ್ದ ವೀಲಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಮಷೀನು ನಿಲ್ಲಿಸಿ ನೋಡಿದಾಗ ಆ ಹೊಳಪು ಹೋಗಿ ಮುಖವು ಉಗುರಿಗೆ ತರಿತರಿಯಾಗಿ ಸಿಗುತ್ತಿತ್ತು. ಮತ್ತೆ ಓಡಿಸಿದರೆ ಕಾರ್ಬೈಡ್ ಟಿಪ್ಪು (ಲೋಹ ಕತ್ತರಿಸುವ ಉಪಕರಣದ ಗಟ್ಟಿ ತುದಿ) ಸಲೀಸಾಗಿ ಸವೆಯಿತು. ಮೇಲಿನ ಹರಳುಗಳು ಮೊಂಡಾಗಿ ಬಾಂಡಿನ ಮಟ್ಟಕ್ಕೇ ನಿಂತಿದ್ದವು, ಚೂಪಾದವು ಅದರ ಕೆಳಗೆ ಮುಚ್ಚಿಹೋಗಿದ್ದವು, ಅಷ್ಟೇ.

ಕೊಳ್ಳುವವರು ವಜ್ರದ ಬಗ್ಗೆ ಕೇಳುತ್ತಾರೆ, ಬಾಂಡಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಹರಳು ಚೂಪಾಗಿರುವವರೆಗೆ ಅದನ್ನು ಬಿಗಿಯಾಗಿ ಹಿಡಿದಿಟ್ಟು, ಮೊಂಡಾದ ಕೂಡಲೇ ಬಿಟ್ಟುಕೊಟ್ಟು, ತಾನೂ ಅಷ್ಟು ಸವೆದು ಕೆಳಗಿನ ಹರಳಿಗೆ ದಾರಿ ಮಾಡಿಕೊಡುವುದು ಬಾಂಡಿನ ಕೆಲಸ. ಅದು ಅತಿ ಗಟ್ಟಿಯಾದರೆ ವೀಲು ಮೇಲೆ ಹೇಳಿದಂತೆ ಗ್ಲೇಜ್ ಆಗುತ್ತದೆ. ಅತಿ ಮೆದುವಾದರೆ ಇನ್ನೂ ಚೂಪಾಗಿರುವ ವಜ್ರವೇ ಉದುರಿ, ತಂಪು ಮಾಡಲು ಹರಿಸುವ ಕೂಲಂಟಿನ ಜೊತೆ ಚರಂಡಿ ಸೇರುತ್ತದೆ.

ಹಾಗಾಗಿ "ವಜ್ರ ಜಾಸ್ತಿ ಹಾಕ್ರಿ" ಎಂಬ ಬೇಡಿಕೆಗೆ ನಾನು ಸುಲಭವಾಗಿ ಒಪ್ಪುವುದಿಲ್ಲ. ನಮ್ಮ ಲೆಕ್ಕದಲ್ಲಿ ಕಾನ್ಸಂಟ್ರೇಶನ್ 100 ಎಂದರೆ ಪ್ರತಿ ಘನ ಸೆಂಟಿಮೀಟರಿಗೆ 4.4 ಕ್ಯಾರೆಟ್, ಅಂದರೆ ಅಂಚಿನ ಪದರದ ಗಾತ್ರದಲ್ಲಿ ಕಾಲು ಭಾಗ ವಜ್ರ. ಆ ವೀಲಿನ ಅಂಚು 10 ಮಿ.ಮೀ. ಅಗಲ, 5 ಮಿ.ಮೀ. ಆಳದ್ದಾದ್ದರಿಂದ, ಕಾನ್ಸಂಟ್ರೇಶನ್ 75ರಲ್ಲಿ ಅದಕ್ಕೆ ಸುಮಾರು 75 ಕ್ಯಾರೆಟ್, ಅಂದರೆ 15 ಗ್ರಾಂ ವಜ್ರ ಬೇಕಾಗುತ್ತದೆ. ಇದನ್ನು ಹೆಚ್ಚಿಸಿದರೆ ಬೆಲೆಯೇನೋ ಏರುತ್ತದೆ, ಆದರೆ ಒತ್ತಡವು ಹೆಚ್ಚು ಹರಳುಗಳಿಗೆ ಹಂಚಿಹೋಗುವುದರಿಂದ ಶಕ್ತಿ ಕಡಿಮೆಯಿರುವ ಸಣ್ಣ ಮಷೀನಿನಲ್ಲಿ ಯಾವ ಹರಳೂ ಸರಿಯಾಗಿ ಕಚ್ಚದೆ, ಉಜ್ಜಿ ಉಜ್ಜಿ ಬಿಸಿ ಮಾಡುತ್ತದೆ.

ಆ ಗಿರಾಕಿಯ ಪ್ರಶ್ನೆ ಒಮ್ಮೆ ಅರ್ಧಕ್ಕಿಂತ ಹೆಚ್ಚು ಪಾಲು ನಿಜವೂ ಆಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ರೆಸಿನ್ನು ನುಣುಪಾದ ವಜ್ರವನ್ನು ಚೆನ್ನಾಗಿ ಹಿಡಿಯುವುದಿಲ್ಲವಾದ್ದರಿಂದ ನಿಕ್ಕಲ್ ಲೇಪಿಸಿದ ಹರಳನ್ನು ಬಳಸುತ್ತೇವೆ. ನಾವು ತರಿಸುವ ಪುಡಿಯಲ್ಲಿ ತೂಕದ ನೂರಕ್ಕೆ 56 ಭಾಗ ನಿಕ್ಕಲ್ಲೇ ಇರುತ್ತದೆ. 15 ಗ್ರಾಂ ವಜ್ರ ಬೇಕೆಂದರೆ ಲೇಪಿತ ಪುಡಿಯನ್ನು 34 ಗ್ರಾಂ ತೂಗಬೇಕು. ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ನಾನು 15 ಗ್ರಾಮನ್ನೇ ತೂಗಿ ಹಾಕಿದ್ದೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಆದರೆ ಕೆಲಸಕ್ಕೆ ಹಚ್ಚಿದ ಮೇಲೆ ಅಂಚು ಸೋಪಿನಂತೆ ಕರಗಿತು.

ತೂಗಿದ ಪುಡಿಯನ್ನು ಫೀನಾಲಿಕ್ ರೆಸಿನ್, ಸಿಲಿಕಾನ್ ಕಾರ್ಬೈಡ್ ಪುಡಿಗಳ ಜೊತೆ ಬೆರೆಸಿ, ಅಲ್ಯೂಮಿನಿಯಂ ಬಾಡಿಯ ಸುತ್ತಲಿನ ಅಚ್ಚಿನಲ್ಲಿ ಸಮನಾಗಿ ಹರಡಿ, ಬಿಸಿ ಪ್ರೆಸ್ಸಿನಲ್ಲಿ ಸುಮಾರು 170 ಡಿಗ್ರಿಯಲ್ಲಿ ಒತ್ತುತ್ತೇವೆ. ರೆಸಿನ್ ಗಟ್ಟಿಯಾಗುವಾಗ ಅಮೋನಿಯಾ ಮತ್ತು ಹಬೆ ಹೊರಡುವುದರಿಂದ, ಆರಂಭದಲ್ಲೇ ಒಂದೆರಡು ಸಲ ಒತ್ತಡ ಬಿಟ್ಟು ಅಚ್ಚಿಗೆ ಉಸಿರಾಡಲು ಅವಕಾಶ ಕೊಡಬೇಕು. ಅದನ್ನು ಮರೆತರೆ ಅಂಚಿನೊಳಗೆ ಗುಳ್ಳೆಗಳು ಉಳಿಯುತ್ತವೆ. ಮುಂದೆ ಒವನ್ನಿನಲ್ಲಿ ಗಂಟೆಗಟ್ಟಲೆ ಬೇಯಿಸುವುದು ತಾಳ್ಮೆಯ ಕೆಲಸವೇ ಹೊರತು ಕೌಶಲದ್ದಲ್ಲ.

ಕಲ್ಲಿನ ಕೆಲಸದವರಿಗೆ ಕಂಚಿನಂಥ ಲೋಹದ ಬಾಂಡ್ ಬೇಕು, ಮತ್ತು ಅಲ್ಲಿನ ನಿಯಮ ಮೊದಲಿಗೆ ತಲೆಕೆಳಗಾಗಿ ಕಾಣುತ್ತದೆ. ಇಳಕಲ್ಲಿನ ಗ್ರಾನೈಟು ಬಹಳ ಗಟ್ಟಿ. ಅದರಿಂದ ಏಳುವ ನಯವಾದ ಹಿಟ್ಟು ಬಾಂಡನ್ನು ಅಷ್ಟಾಗಿ ಸವೆಸುವುದಿಲ್ಲವಾದ್ದರಿಂದ ಬಾಂಡ್ ಮೆದುವಾಗಿರಬೇಕು. ಅದೇ ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಮರಳುಗಲ್ಲು ಕೊರೆಯಲು ಹಗುರ, ಆದರೆ ಅದರ ಮರಳು ಬಾಂಡನ್ನು ಅರದಂತೆ ಉಜ್ಜಿ ತಿನ್ನುತ್ತದೆ, ಅದಕ್ಕೆ ಗಟ್ಟಿ ಬಾಂಡೇ ಸರಿ. ಒಂದೇ ಬ್ಲೇಡನ್ನು ಎರಡೂ ಕಲ್ಲಿಗೆ ಹಾಕಿ ಬೈಯುವವರಿಗೆ ನಾನು ಹೇಳುವುದೂ ಇಷ್ಟೇ.

ಉಕ್ಕನ್ನು ವಜ್ರದಿಂದ ಸಾಣೆ ಹಿಡಿಯಬೇಡಿ. ವಜ್ರವೆಂದರೆ ಇಂಗಾಲ, ಕಾದ ಕಬ್ಬಿಣ ಅದನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಗಟ್ಟಿಗೊಳಿಸಿದ ಉಕ್ಕಿಗೆ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಹರಳಿನ ವೀಲು ಇದೆ. ಕಾರ್ಬೈಡ್ ಟಿಪ್ಪು ಸವೆಸುವಾಗ ಅದಕ್ಕೆ ಬೆಸೆದ ಉಕ್ಕಿನ ಶ್ಯಾಂಕು (ಹಿಡಿ) ತಾಗಿ ವೀಲು ಮುಚ್ಚಿಕೊಳ್ಳುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಶ್ಯಾಂಕನ್ನು ಮೊದಲೇ ಸಾಮಾನ್ಯ ವೀಲಿನಲ್ಲಿ ಸವೆಸಿ ಹಿಂದಕ್ಕೆ ಸರಿಸಿಕೊಂಡರೆ ಈ ತೊಂದರೆ ಇರುವುದಿಲ್ಲ.

ಆರ್ಡರ್ ತೆಗೆದುಕೊಳ್ಳುವ ಮುನ್ನ ಏನನ್ನು ಸವೆಸುತ್ತೀರಿ, ನೀರು ಹಾಕುತ್ತೀರೋ ಇಲ್ಲವೋ, ಮಷೀನಿನ ಆರ್‌ಪಿಎಂ ಎಷ್ಟು ಎಂದು ಕೇಳುತ್ತೇನೆ. 150 ಮಿ.ಮೀ. ವೀಲು 3000 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 23 ಮೀಟರ್ ದಾಟುತ್ತದೆ; ಕೂಲಂಟ್ ಇದ್ದರೆ ಕಾರ್ಬೈಡಿಗೆ ಅದು ಒಳ್ಳೆಯ ವೇಗ, ಒಣ ಕೆಲಸಕ್ಕೆ ಇನ್ನೂ ಇಳಿಸಬೇಕು. ವೀಲನ್ನು ಕೂರಿಸಿದ ಮೇಲೆ ಡಯಲ್ ಗೇಜ್ (ಮುಳ್ಳಿನಿಂದ ಓಲಾಟ ತೋರಿಸುವ ಅಳತೆಯ ಸಾಧನ) ಹಿಡಿದು ಕೈಯಿಂದ ಒಂದು ಸುತ್ತು ತಿರುಗಿಸಿ, ಮುಳ್ಳು 0.02 ಮಿ.ಮೀ.ಗಿಂತ ಹೆಚ್ಚು ಆಡಿದರೆ ಬಿಚ್ಚಿ, ವೀಲನ್ನು ಹಿಡಿದಿಡುವ ಫ್ಲ್ಯಾಂಜನ್ನು ಒರೆಸಿ, ಮತ್ತೆ ಕೂರಿಸಿ.