ದೊಡ್ಮನೆ ಹೆಗಡೆಯವರ ಲೆಕ್ಕಪುಸ್ತಕ: ಬೆಂಗಳೂರಿನ ದುಡ್ಡು ಕಾರವಾರಕ್ಕೆ ಬರುವ ದಾರಿ

ಕರ್ನಾಟಕದ ಬಜೆಟ್ ದಿನ ಟಿವಿಯಲ್ಲಿ ಸೂಟ್‌ಕೇಸ್ ಕಾಣುತ್ತದೆ, ಭಾಷಣ ಕೇಳುತ್ತದೆ. ಭಾಷಣದ ಜೊತೆಗೆ ಮಂಡನೆಯಾಗುವ ದಪ್ಪ ಸಂಪುಟಗಳನ್ನು ತೆರೆಯುವವರು ಕಡಿಮೆ. ಅವುಗಳಲ್ಲಿ ಜಿಲ್ಲೆಗಳ ಪಾಲನ್ನು ತೋರಿಸುವ ಪುಸ್ತಕಕ್ಕೆ ಕಚೇರಿಗಳಲ್ಲಿ ‘ಲಿಂಕ್ ಡಾಕ್ಯುಮೆಂಟ್’ ಎನ್ನುತ್ತಾರೆ. ಯಾವ ಯೋಜನೆಯಲ್ಲಿ ಯಾವ ಜಿಲ್ಲೆಗೆ ಎಷ್ಟು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಅದರಲ್ಲಿ ಉತ್ತರ ಕನ್ನಡಕ್ಕೆ ತನ್ನದೇ ಆದ ಅಂಕಿಗಳಿವೆ ಅಂದರೆ, ಅದರ ಹಿಂದೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಹುಟ್ಟಿದ ರಾಮಕೃಷ್ಣ ಹೆಗಡೆಯವರ ಕೈ ಇದೆ.

ಹೆಗಡೆಯವರನ್ನು ನಾವು ನೆನೆಯುವುದು ಹೆಚ್ಚಾಗಿ ರಾಜಕೀಯದ ಏರಿಳಿತಗಳಿಂದ. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ, 1984ರ ಲೋಕಸಭಾ ಸೋಲಿನ ನಂತರ ತಾವೇ ರಾಜೀನಾಮೆ, 1985ರಲ್ಲಿ ಭರ್ಜರಿ ಬಹುಮತ, 1988ರಲ್ಲಿ ದೂರವಾಣಿ ಕದ್ದಾಲಿಕೆ ಪ್ರಕರಣದಲ್ಲಿ ಪದತ್ಯಾಗ. ಆದರೆ ಅವರು ಮೂಲತಃ ಹಣಕಾಸಿನ ಮನುಷ್ಯ. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಹಣಕಾಸು ಖಾತೆ ನಡೆಸಿ ಪಳಗಿದವರು. ಒಟ್ಟು 13 ಬಜೆಟ್ ಮಂಡಿಸಿದ ಅವರ ದಾಖಲೆಯನ್ನು ಸಿದ್ದರಾಮಯ್ಯ ಮುರಿದದ್ದು 2023ರ ಜುಲೈನಲ್ಲಿ, ತಮ್ಮ 14ನೆಯದರಿಂದ. ಅಧಿಕಾರ ಇರುವುದು ಆದೇಶದಲ್ಲಲ್ಲ, ಲೆಕ್ಕಶೀರ್ಷಿಕೆಯಲ್ಲಿ ಎಂಬುದು ಇಂಥವರಿಗೆ ಬೇಗ ತಿಳಿಯುತ್ತದೆ.

ಈ ಲೆಕ್ಕಶೀರ್ಷಿಕೆ ಎಂದರೇನು? ಸರ್ಕಾರದ ಪ್ರತಿ ರೂಪಾಯಿಗೂ ಒಂದು ಅಂಕಿಯ ವಿಳಾಸವಿದೆ. ಮೊದಲ ನಾಲ್ಕು ಅಂಕಿ ಮುಖ್ಯ ಶೀರ್ಷಿಕೆ. 2202 ಎಂದರೆ ಸಾಮಾನ್ಯ ಶಿಕ್ಷಣ, 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ, 3054 ರಸ್ತೆ ಮತ್ತು ಸೇತುವೆ. ಮೊದಲ ಅಂಕಿ 0 ಅಥವಾ 1 ಆದರೆ ಅದು ಆದಾಯ, 2 ಅಥವಾ 3 ಆದರೆ ದಿನನಿತ್ಯದ ಖರ್ಚು, 4 ಅಥವಾ 5 ಆದರೆ ಆಸ್ತಿ ಕಟ್ಟುವ ಬಂಡವಾಳ ವೆಚ್ಚ. ಮುಂದೆ ಬರುವ ಕಿರು ಶೀರ್ಷಿಕೆ 196 ಆದರೆ ಹಣ ಜಿಲ್ಲಾ ಪಂಚಾಯತಿಗೆ, 197 ಆದರೆ ತಾಲ್ಲೂಕು ಪಂಚಾಯತಿಗೆ, 198 ಆದರೆ ಗ್ರಾಮ ಪಂಚಾಯತಿಗೆ. ಈ ಸಂಖ್ಯೆಗಳನ್ನು ಹೆಗಡೆ ಮಾಡಿದ್ದಲ್ಲ, ಇವು ದೇಶಕ್ಕೆಲ್ಲ ಒಂದೇ. ಅವರು ಮಾಡಿದ್ದು ಬೇರೆ: ಜಿಲ್ಲೆಗೇ ಒಂದು ಬಜೆಟ್ ಇರಬೇಕು, ಅದನ್ನು ಜಿಲ್ಲೆಯವರು ಆರಿಸಿದ ಸಭೆ ಪಾಸು ಮಾಡಬೇಕು ಎಂಬ ಕಾನೂನು.

ಅದಕ್ಕಿಂತ ಮೊದಲು ಇದ್ದದ್ದು 1959ರ ಕಾಯ್ದೆಯ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು. ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು ಸಲಹೆ ಕೊಡಬಹುದಿತ್ತು, ಅಷ್ಟೆ. ಜೋಯಿಡಾದ ಶಾಲೆಗೂ ಭಟ್ಕಳದ ಆಸ್ಪತ್ರೆಗೂ ದುಡ್ಡು ಬೆಂಗಳೂರಿನ ಇಲಾಖೆಯಿಂದಲೇ ಇಳಿಯುತ್ತಿತ್ತು. 1978ರ ಅಶೋಕ ಮೆಹ್ತಾ ಸಮಿತಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಎಂಬ ಎರಡು ಹಂತಗಳನ್ನು ಸೂಚಿಸಿತ್ತು. ಅದನ್ನು ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಕಾಯ್ದೆಯ ರೂಪಕ್ಕೆ ತಂದರು. ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು ಇವರೇ. 1983ರಲ್ಲಿ ಸಿದ್ಧವಾದ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 1985ರಲ್ಲಿ. ಚುನಾವಣೆ 1987ರ ಜನವರಿಯಲ್ಲಿ ನಡೆಯಿತು, ಏಪ್ರಿಲ್‌ನಿಂದ ಜಿಲ್ಲಾ ಪರಿಷತ್ತುಗಳು ಕೆಲಸ ಶುರುಮಾಡಿದವು. ಸ್ಥಾನಗಳಲ್ಲಿ ಶೇ. 25 ಮಹಿಳೆಯರಿಗೆ ಮೀಸಲು; ದೇಶದ ಸಂವಿಧಾನ ಅದಕ್ಕೆ ಬರುವುದಕ್ಕೆ ಇನ್ನೂ ಆರು ವರ್ಷ ಇತ್ತು.

ಎಲ್ಲರ ಹುಬ್ಬೇರಿಸಿದ ಅಂಶ ಇನ್ನೊಂದು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲೆ. ಇದು ಪ್ರತಿಷ್ಠೆಯ ಮಾತಲ್ಲ. ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ ಯಾರಿಗೆ ಉತ್ತರ ಕೊಡಬೇಕು ಎಂಬುದೇ ಖರ್ಚಿನ ದಿಕ್ಕನ್ನು ಬದಲಿಸುತ್ತದೆ. ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರ ಹಾಜರಾತಿ ಸುಧಾರಿಸಿದ್ದನ್ನು ಆ ಕಾಲದ ಅಧ್ಯಯನಕಾರರು ಗುರುತಿಸಿದ್ದಾರೆ. ಕಾರಣ ಸರಳ: ಮೇಷ್ಟ್ರು ಬರದಿದ್ದರೆ ಕೇಳುವವರು ಅದೇ ಊರಲ್ಲಿದ್ದರು.

ಆದರೆ ಕೈಗೆ ಬಂದ ದುಡ್ಡೆಲ್ಲ ಕೈಯಲ್ಲಿ ಉಳಿಯಲಿಲ್ಲ. ಶಾಲೆ, ಆಸ್ಪತ್ರೆ ಜಿಲ್ಲೆಗೆ ಬಂದವು, ಜೊತೆಗೆ ಅವುಗಳ ಸಂಬಳವೂ ಬಂತು. ಇವತ್ತಿಗೂ ಜಿಲ್ಲಾ ವಲಯದ, ಅಂದರೆ ಪಂಚಾಯತಿಗಳ ಮೂಲಕ ಖರ್ಚಾಗುವ ಹಣದ, ಅಂಕಿಗಳಲ್ಲಿ ದೊಡ್ಡ ಪಾಲು ಶಿಕ್ಷಕರ ವೇತನದ್ದು. ಅದನ್ನು ಕಡಿಮೆ ಮಾಡಲೂ ಆಗದು, ಬೇರೆಡೆ ತಿರುಗಿಸಲೂ ಆಗದು. ಉಳಿದದ್ದರಲ್ಲಿ ಬಹುಪಾಲು ಕೇಂದ್ರ ಅಥವಾ ರಾಜ್ಯದ ನಿರ್ದಿಷ್ಟ ಯೋಜನೆಗೆ ಕಟ್ಟಿಹಾಕಿದ ಹಣ. ಕೋಟಿಗಳ ಬಜೆಟ್ ಪಾಸು ಮಾಡುವ ಸಭೆ ನಿಜವಾಗಿ ಚರ್ಚೆ ಮಾಡಬಹುದಾದದ್ದು ಅದರ ಒಂದು ಸಣ್ಣ ಚೂರನ್ನು. ಹೆಗಡೆ ಅವರ ಸುಧಾರಣೆಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ: ಖರ್ಚು ಮಾಡುವ ಜಾಗ ಬದಲಾಯಿತು, ಆಯ್ಕೆ ಮಾಡುವ ಹಕ್ಕು ಅಷ್ಟೊಂದು ಬದಲಾಗಲಿಲ್ಲ.

ಉತ್ತರ ಕನ್ನಡದಲ್ಲಿ ಇನ್ನೊಂದು ತೊಡಕು ಮಳೆ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅನುದಾನದ ಆದೇಶ ಬಂದು, ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗುವಷ್ಟರಲ್ಲಿ ಜೂನ್ ಬಂದಿರುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಕರಾವಳಿಯಲ್ಲಾಗಲಿ, ಘಟ್ಟದ ಅಂಚಿನಲ್ಲಾಗಲಿ ಸೆಪ್ಟೆಂಬರ್‌ವರೆಗೆ ಪಾಯ ತೋಡುವ ಮಾತೇ ಇಲ್ಲ. ಬಯಲುಸೀಮೆಯಲ್ಲಿ ಈ ತಿಂಗಳುಗಳಲ್ಲೂ ಅಲ್ಪಸ್ವಲ್ಪ ಕೆಲಸ ಸಾಗುತ್ತದೆ. ಇಲ್ಲಿ ಕೆಲಸದ ಕಾಲ ಎಂದರೆ ನವೆಂಬರ್‌ನಿಂದ ಮೇ. ಅದರ ನಡುವೆ ಮಾರ್ಚ್ 31 ಅಡ್ಡ ಬರುತ್ತದೆ, ಖರ್ಚಾಗದ ಹಣ ಲ್ಯಾಪ್ಸ್ ಆಗುವ, ಅಂದರೆ ಕೈತಪ್ಪಿ ಹೋಗುವ, ದಿನ. ಕೆಲಸಕ್ಕೆ ಹೇಳಿ ಮಾಡಿಸಿದಂಥ ಏಪ್ರಿಲ್, ಮೇ ತಿಂಗಳುಗಳಲ್ಲಿ ಖಾತೆ ಖಾಲಿ.

ಹಳ್ಳಕ್ಕೆ ಹಾಕುವ ಒಂದು ಕಾಲುಸಂಕವನ್ನೇ, ಅಂದರೆ ನಡೆದು ದಾಟುವ ಕಿರುಸೇತುವೆಯನ್ನೇ, ನೋಡಿ. 5 ಮೀಟರ್ ಉದ್ದ, 1.2 ಮೀಟರ್ ಅಗಲ, 20 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಲಗೆಗೆ ಬೇಕಾದದ್ದು 1.2 ಘನ ಮೀಟರ್ ಕಾಂಕ್ರೀಟ್, ಅಂದರೆ ಸುಮಾರು 10 ಚೀಲ ಸಿಮೆಂಟು. ಅದು ಸಣ್ಣ ಖರ್ಚು. ದುಡ್ಡು ಹೋಗುವುದು ಎರಡೂ ದಡದ ಆಧಾರಗೋಡೆಗೆ, ಮತ್ತು ಸಾಮಾನು ಹೊರುವುದಕ್ಕೆ. ಲಾರಿ ನಿಲ್ಲುವಲ್ಲಿಂದ ಹಳ್ಳದವರೆಗೆ ತಲೆಹೊರೆಯ ಲೆಕ್ಕ ಎಸ್ಟಿಮೇಟಿನಲ್ಲಿ ಬಿಟ್ಟುಹೋಯಿತೋ, ಟೆಂಡರ್ ಹಾಕುವವರೇ ಇರುವುದಿಲ್ಲ. ಎಸ್ಟಿಮೇಟ್ ಬೇಸಿಗೆಯಲ್ಲಿ ಮಾಡಿದರೆ ಹಳ್ಳ ಒಣಗಿರುತ್ತದೆ. ಆಷಾಢದ ನೀರಿನ ಮಟ್ಟವನ್ನು ದಡದ ಮರದ ಬೇರಿಗೆ ಸಿಕ್ಕಿಕೊಂಡ ಕಸ ನೋಡಿಯೇ ಅಂದಾಜಿಸಬೇಕು. ಹಲಗೆ ಎತ್ತರ ಸಾಲದಿದ್ದರೆ ತೇಲಿಬಂದ ದಿಮ್ಮಿ ತಾಗುತ್ತದೆ. ಪಾಯ ಆಳ ಸಾಲದಿದ್ದರೆ ನೀರು ಬುಡದ ಮಣ್ಣು ಕೊರೆದು ಗೋಡೆ ಕೂರುತ್ತದೆ. ಬಿದ್ದ ಸಂಕಗಳಲ್ಲಿ ಹಲಗೆ ಮುರಿದದ್ದಕ್ಕಿಂತ ಬುಡ ಕೊರೆದದ್ದೇ ಹೆಚ್ಚು ಕಾಣಸಿಗುತ್ತದೆ.

ಎಂಜಿನಿಯರು ಪಾಯದ ಅಳತೆಯನ್ನು ಮಣ್ಣು ಮುಚ್ಚುವ ಮೊದಲೇ ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆದುಕೊಳ್ಳಬೇಕು. ಮುಚ್ಚಿದ ಮೇಲೆ ಬರೆದ ಆಳ ಬರೀ ನಂಬಿಕೆಯ ಮೇಲೆ ನಿಂತದ್ದು. ಬಿಲ್ಲಿನ ಮೌಲ್ಯ 5 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕಾರ್ಮಿಕ ಸೆಸ್ ಶೇ. 1, ಅಂದರೆ 5 ಸಾವಿರ. ವ್ಯಕ್ತಿಗತ ಗುತ್ತಿಗೆದಾರನಾದರೆ ಆದಾಯ ತೆರಿಗೆ ಶೇ. 1, ಇನ್ನೊಂದು 5 ಸಾವಿರ. ಜಿಎಸ್‌ಟಿ ಬಾಬ್ತು ಶೇ. 2, 10 ಸಾವಿರ. ಇಷ್ಟು ಖಜಾನೆಯಲ್ಲೇ ಕಡಿತ. ಭದ್ರತಾ ಠೇವಣಿ ಬೇರೆ. ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದು 28 ದಿನಕ್ಕೆ. ಮಾರ್ಚ್ 20ಕ್ಕೆ ಹಲಗೆ ಹಾಕಿ 31ಕ್ಕೆ ಬಿಲ್ ಪಾಸಾದರೆ, ದುಡ್ಡು ಕೈಸೇರುವಾಗ ಸಂಕಕ್ಕೆ 11 ದಿನ. ಆಮೇಲೆ ಕಾಂಕ್ರೀಟು ಬಲಿಯಲೆಂದು ನೀರು ಹೊಯ್ಯಲು ಬರುವವರು ಯಾರು?

ಇದಕ್ಕಿಂತ ನಿಧಾನವಾಗಿ ಕಾಡುವ ಕಾಯಿಲೆ ಮುಂದುವರಿದ ಕಾಮಗಾರಿ. ಲೆಕ್ಕಕ್ಕಾಗಿ ಅನುದಾನ ವರ್ಷಕ್ಕೆ 100 ಎನ್ನೋಣ. ಎಲ್ಲ ಸದಸ್ಯರನ್ನೂ ಸಮಾಧಾನಪಡಿಸಲು 130ರ ಕೆಲಸಕ್ಕೆ ಮಂಜೂರಾತಿ ಕೊಟ್ಟರೆ 30 ಬಾಕಿ. ಮರುವರ್ಷವೂ ಹಾಗೇ ಮಾಡಿದರೆ 60, ಮೂರನೇ ವರ್ಷ 90, ನಾಲ್ಕನೇ ವರ್ಷ 120. ಐದನೇ ವರ್ಷದ ಇಡೀ ಅನುದಾನ ಹಳೇ ಬಿಲ್ಲಿಗೇ ಸಾಲದು. ಹೊಸದಾಗಿ ಆರಿಸಿಬಂದ ಸದಸ್ಯರ ಮೊದಲ ಸಭೆಯಲ್ಲಿ ಹಂಚಲು ಏನೂ ಇರುವುದಿಲ್ಲ.

ಮೊದಲ ಪರಿಷತ್ತುಗಳ ಐದು ವರ್ಷದ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಅಷ್ಟರಲ್ಲಿ ಹೆಗಡೆ ದೆಹಲಿಗೆ ಹೋಗಿ ಬಂದಾಗಿತ್ತು: 1989ರ ಡಿಸೆಂಬರ್‌ನಿಂದ 1990ರ ಮಧ್ಯದವರೆಗೆ ಯೋಜನಾ ಆಯೋಗದ ಉಪಾಧ್ಯಕ್ಷ. ಅವರ ಆಯೋಗ 8ನೇ ಯೋಜನೆಗೆ ಬರೆದ ದಿಕ್ಸೂಚಿಯಲ್ಲಿ ಉದ್ಯೋಗಕ್ಕೂ ಕೆಳಹಂತದ ಯೋಜನೆಗೂ ಒತ್ತು ಇತ್ತು. ಸರ್ಕಾರ ಬದಲಾಗಿ, 8ನೇ ಯೋಜನೆ ಶುರುವಾದದ್ದು 1992ರಲ್ಲಿ, ಬೇರೆಯವರ ಕೈಯಲ್ಲಿ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಮಂಡಲವನ್ನು ಒಡೆದು ಗ್ರಾಮ ಪಂಚಾಯತಿ ಮಾಡಿತು. ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೊಂದು. ಉತ್ತರ ಕನ್ನಡದಂಥ ಮಲೆನಾಡು ಜಿಲ್ಲೆಗಳಿಗೆ ಮಾತ್ರ 2,500 ಜನ ಸಾಕೆಂದು ವಿನಾಯಿತಿ, ಏಕೆಂದರೆ ಇಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಆದರೆ ಅನುದಾನವನ್ನು ತಲೆ ಎಣಿಸಿ ಹಂಚಿದಾಗ ಅದೇ ವಿನಾಯಿತಿ ತಿರುಗುಬಾಣ: ಜನ ಕಡಿಮೆ, ದುಡ್ಡು ಕಡಿಮೆ, ಹಾಕಬೇಕಾದ ಸಂಕ ಮಾತ್ರ ಜಾಸ್ತಿ.

ನಿಮ್ಮ ಪಂಚಾಯತಿಯಲ್ಲಿ ಸಂಕ ಬೇಕಿದ್ದರೆ ಹಳ್ಳ ತುಂಬಿದಾಗ ಅರ್ಜಿ ಕೊಟ್ಟು ಪ್ರಯೋಜನ ಕಡಿಮೆ. ಮುಂದಿನ ವರ್ಷದ ಯೋಜನೆ ತಯಾರಾಗುವ ಗ್ರಾಮಸಭೆಗಳು ಅಕ್ಟೋಬರ್ 2ರ ನಂತರ ನಡೆಯುತ್ತವೆ. ಆಷಾಢದಲ್ಲಿ ನೀರು ಎಲ್ಲಿವರೆಗೆ ಏರಿತ್ತೆಂದು ಮರಕ್ಕೆ ಗುರುತು ಹಾಕಿ, ಫೋಟೊ ತೆಗೆದಿಟ್ಟುಕೊಂಡು ಆ ಸಭೆಗೆ ಹೋಗಿ. ಕೆಲಸದ ಹೆಸರಿನ ಜೊತೆಗೆ, ಹಳೇ ಬಾಕಿ ಕಳೆದು ಹೊಸ ಕಾಮಗಾರಿಗೆ ಎಷ್ಟು ಉಳಿದಿದೆ ಎಂದೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.