ಕೈದಿಗಳ ಕೈಗೆ ಬಂದೂಕು ಕೊಟ್ಟರೆ ಓಡಿಹೋಗಲಿಲ್ಲವೇ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಸೆರೆಸಿಕ್ಕ ದಕ್ಷಿಣದ ಸೈನಿಕರನ್ನು ಉತ್ತರದವರು ತಮ್ಮ ಸೈನ್ಯಕ್ಕೇ ಸೇರಿಸಿಕೊಂಡು ಪಶ್ಚಿಮದ ಗಡಿಗೆ ಕಳಿಸಿದರಂತೆ. ಹೊಸ ಬೂಟು ಸಿಕ್ಕಿದ್ದೇ ತಡ, ಎಲ್ಲರೂ ಪರಾರಿಯಾದರಂತೆ. ಹೌದೇ?

ಉತ್ತರ: ಕಳಿಸಿದ್ದು ಹೌದು. ಎಲ್ಲರೂ ಪರಾರಿಯಾದರು ಎಂಬುದು ಎಷ್ಟು ಸಲ ಅಲ್ಲಗಳೆದರೂ ಮತ್ತೆ ಚಿಗುರುವ ಕಳೆ.

1864ರಿಂದ 1866ರವರೆಗೆ ಇಂಥವರ ಆರು ರೆಜಿಮೆಂಟುಗಳಿದ್ದವು, ಒಟ್ಟು ಸುಮಾರು 6,000 ಜನ. ಪಾಯಿಂಟ್ ಲುಕೌಟ್, ರಾಕ್ ಐಲೆಂಡ್, ಕ್ಯಾಂಪ್ ಡಗ್ಲಸ್ ಮುಂತಾದ ಸೆರೆ ಶಿಬಿರಗಳಿಂದ ಬಂದವರು. ಬಂದೂಕು ತೋರಿಸಿ ಎಳೆದುಕೊಂಡದ್ದಲ್ಲ. ಪಾಯಿಂಟ್ ಲುಕೌಟ್‌ನಲ್ಲಿ ಒಬ್ಬೊಬ್ಬ ಕೈದಿಯ ಮುಂದೆಯೂ ನಾಲ್ಕು ದಾರಿ ಇಟ್ಟರು: ಕೈದಿ ವಿನಿಮಯದಲ್ಲಿ ದಕ್ಷಿಣಕ್ಕೆ ಮರಳುವುದು, ಇಲ್ಲವೇ ನಿಷ್ಠೆಯ ಪ್ರಮಾಣ ಮಾಡಿ ಸೈನ್ಯ ಸೇರುವುದು, ಸರ್ಕಾರಿ ಕೆಲಸಕ್ಕೆ ಹೋಗುವುದು, ಅಥವಾ ಮನೆ ಉತ್ತರದ ಹಿಡಿತದ ಪ್ರದೇಶದಲ್ಲಿದ್ದರೆ ಅಲ್ಲಿಗೆ ಹೋಗುವುದು. ಆದರೆ ಆ ಹೊತ್ತಿಗೆ ವಿನಿಮಯ ಹೆಚ್ಚುಕಡಿಮೆ ನಿಂತೇಹೋಗಿತ್ತು. ಹಸಿವಿನ ಶಿಬಿರದಲ್ಲಿ ಕೂತವನಿಗೆ ಇದು ಎಷ್ಟರಮಟ್ಟಿಗೆ ಸ್ವಂತ ಆಯ್ಕೆ ಎಂದು ಕೇಳಿ, ಆ ಪ್ರಶ್ನೆಗೆ ಬೆಲೆಯಿದೆ.

ಒಂದನೇ ರೆಜಿಮೆಂಟ್ ಮೊದಲು ವರ್ಜೀನಿಯದ ನಾರ್ಫೋಕ್‌ನಲ್ಲಿ ಕಾವಲಿಗಿತ್ತು. ತಮ್ಮ ಹಳೆಯ ದಕ್ಷಿಣದ ಪಡೆಯ ಕೈಗೆ ಸಿಕ್ಕಿಬಿದ್ದರೆ ಇವರಿಗೆ ಪಲಾಯನದ ಶಿಕ್ಷೆ, ಅಂದರೆ ಸಾವು. ಅದಕ್ಕೇ ಉತ್ತರದ ಸೇನಾಧಿಪತಿ ಗ್ರಾಂಟ್ ಇವರನ್ನು ಪಶ್ಚಿಮಕ್ಕೆ ಅಟ್ಟಿದ್ದು. ಅಲ್ಲಿನ ಕೆಲಸ ತಂತಿ ಮಾರ್ಗ ಕಾಯುವುದು, ಅಂಚೆ ಗಾಡಿಗೆ ಬೆಂಗಾವಲು, ಕೋಟೆಗೆ ಮರ ಕಡಿಯುವುದು.

ಈಗ ಪರಾರಿಯ ಮಾತು. ಓಡಿಹೋದವರು ಇದ್ದರು, ಯಾವ ಸೈನ್ಯದಲ್ಲಿ ಇರಲಿಲ್ಲ? ಆದರೆ ಇವರಲ್ಲಿ ಬಹುಪಾಲು ಅವಧಿ ಮುಗಿಸಿಯೇ ಹೊರಬಿದ್ದರು. ಹೋಲಿಸಬೇಕೆಂದರೆ ಯಾವ ಸೆರೆಮನೆಯನ್ನೂ ಕಾಣದ ಖಾಯಂ ಸೈನ್ಯವನ್ನು ನೋಡಿ: 1867ರಿಂದ 1891ರವರೆಗೆ ಅದಕ್ಕೆ ಸೇರಿದವರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬ ಪರಾರಿ! ಆ ಬಯಲಿನಲ್ಲಿ ಓಡುವುದಾದರೂ ಎಲ್ಲಿಗೆ? ಮನೆಗೆ ನೂರಾರು ಮೈಲಿ, ನಡುವೆ ಅಲ್ಲಿನ ಮೂಲನಿವಾಸಿಗಳಾದ ಲಕೋಟ ಮತ್ತು ಷಾಯೆನ್ ಜನರ ನಾಡು. ಆ ನೆಲಕ್ಕಾಗಿಯೇ ಅವರು ಇವರೊಡನೆ ಕಾದುತ್ತಿದ್ದರು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ ಮೇಲೆ ಮನೆಯ ಸೆಳೆತ ಹೆಚ್ಚಿತು, ಅದು ಸಹಜ. ಆದರೂ ಕೊನೆಯವರಿಗೆ ಬಿಡುಗಡೆ ಸಿಕ್ಕಿದ್ದು 1866ರ ನವೆಂಬರಿನಲ್ಲಿ. ದ್ರೋಹಿಗಳೆಂಬ ಗುಮಾನಿ ಮಾತ್ರ ಬಿಡಲಿಲ್ಲ: ಮಿಸೌರಿ ನದಿ ದಂಡೆಯ ಕೋಟೆ ಫೋರ್ಟ್ ರೈಸ್‌ಗೆ ಹೋಗುವ ದಾರಿಯಲ್ಲೇ ಒಂದನೇ ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ಡೈಮನ್ ಒಬ್ಬ ಸೈನಿಕನನ್ನು ಬಂಡಾಯದ ಆರೋಪದ ಮೇಲೆ ಗುಂಡಿಕ್ಕಿಸಿದ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಇವರು ಸತ್ತದ್ದು ಯಾವುದರಿಂದ? ಫೋರ್ಟ್ ರೈಸ್‌ನಲ್ಲಿ ಬಾಣಕ್ಕಿಂತ ಸ್ಕರ್ವಿ ಎಂಬ ರೋಗಕ್ಕೆ ಬಲಿಯಾದವರೇ ಹೆಚ್ಚು. ಚಳಿಗಾಲದಲ್ಲಿ ಮಿಸೌರಿ ನದಿ ಹೆಪ್ಪುಗಟ್ಟಿದರೆ ದೋಣಿ ಬರುವುದಿಲ್ಲ, ಆಲೂಗಡ್ಡೆ ಈರುಳ್ಳಿಯೂ ಇಲ್ಲ. ಉಳಿಯುವುದು ಉಪ್ಪುಹಂದಿ ಮಾಂಸ, ಕಲ್ಲಿನಂಥ ಬಿಸ್ಕತ್ತು. ವಿಟಮಿನ್ ಸಿ ಇಲ್ಲದೆ ವಸಡು ಬಾತು ಹಲ್ಲು ಅಲುಗುತ್ತವೆ, ಮಾಗಿದ ಹಳೆಯ ಗಾಯ ಮತ್ತೆ ಬಾಯಿಬಿಡುತ್ತದೆ. ಸೆರೆಯ ಊಟದಲ್ಲೇ ಬಡಕಲಾದ ಮೈಗೆ ತಡೆಯುವ ಶಕ್ತಿ ಎಲ್ಲಿಂದ?

ಅಂದಹಾಗೆ, ಇವರ ಅಡ್ಡಹೆಸರು ‘ಗ್ಯಾಲ್ವನೈಸ್ಡ್ ಯಾಂಕಿ’. ಯಾಂಕಿ ಎಂದರೆ ಉತ್ತರದವ. ನಮ್ಮ ಜಿ.ಐ. ಶೀಟಿನ ಹಾಗೆ: ಮೇಲೆ ಸತುವಿನ ಲೇಪ, ಒಳಗೆ ಅದೇ ಕಬ್ಬಿಣ. ದಕ್ಷಿಣದ ಸೈನ್ಯ ಸೇರಿದ ಉತ್ತರದ ಕೈದಿಗಳಿಗೂ ಇದೇ ಲೇಪದ ಹೆಸರು ಅಂಟಿತ್ತು. ಹೌದು, ಅಂಥವರೂ ಇದ್ದರು.